ಹಂದಿ ಕಂದು ಹಾಕಿದಾಗ, ಕುದುರೆ ಕೆಮ್ಮಿದಾಗ: ಮಲೆನಾಡಿನ ಸಾಕಣೆದಾರರಿಗೆ ದೋಷ ಪತ್ತೆಯ ಕೈಪಿಡಿ

ತೋಟದ ಅಂಚಿನಲ್ಲಿ ಗೂಡು ಕಟ್ಟಿ ನಾಲ್ಕಾರು ತಾಯಿ ಹಂದಿ ಸಾಕುವವರಿಗೆ, ಮದುವೆ ಮೆರವಣಿಗೆಗೆಂದು ಒಂದೆರಡು ಕುದುರೆ ಇಟ್ಟುಕೊಂಡವರಿಗೆ ಈ ಬರಹ. ಗೂಡಿನಲ್ಲಿ ಹಂದಿ ಕಂದು ಹಾಕಿದರೆ, ಅಂದರೆ ಗಬ್ಬ ದಿನ ತುಂಬುವ ಮೊದಲೇ ಬಿದ್ದುಹೋದರೆ, ನಮ್ಮಲ್ಲಿ ಬಹಳ ಸಲ ನಡೆಯುವುದು ಎರಡು ಕೆಲಸ. ಬಿದ್ದ ಕಂದು ಕತ್ತಲಾಗುವುದರೊಳಗೆ ಹಳ್ಳ ಸೇರುತ್ತದೆ. ಉಳಿದ ಹಂದಿಗಳು ಸಿಕ್ಕಿದ ಬೆಲೆಗೆ ಮಾರಾಟವಾಗುತ್ತವೆ. ಮೊದಲನೆಯದರಿಂದ ರೋಗದ ಗುರುತೇ ಅಳಿಸಿಹೋಗುತ್ತದೆ, ಎರಡನೆಯದರಿಂದ ರೋಗ ಮುಂದಿನ ಊರಿಗೆ ಹೋಗುತ್ತದೆ. ಎಸೆಯುವ ಮೊದಲು ನೋಡಿ, ತಿಳಿಯುವ ಮೊದಲು ಮಾರಬೇಡಿ. ಕೆಳಗೆ ಬರೆದಿರುವುದೆಲ್ಲ ಈ ಎರಡು ಮಾತುಗಳ ವಿವರಣೆ.

ಮನೆಯಲ್ಲೇ ರೋಗಕ್ಕೆ ಹೆಸರಿಡಲು ಇದನ್ನು ಬಳಸಬೇಡಿ. ವೈರಸ್ ಯಾವುದು ಎಂದು ಹೇಳುವುದು ಪ್ರಯೋಗಾಲಯದ ಕೆಲಸ. ಯಾವುದು ಗಾಳಿ, ಮೇವಿನ ತೊಂದರೆ, ಯಾವುದು ವೈದ್ಯರಿಗೆ ಈಗಲೇ ಫೋನ್ ಮಾಡಬೇಕಾದದ್ದು ಎಂದು ಬೇರ್ಪಡಿಸುವುದಷ್ಟು ನಮ್ಮ ಕೈಯಲ್ಲಿದೆ.

ಇವು ಕಂಡರೆ ಮುಂದೆ ಓದಬೇಡಿ, ಫೋನ್ ಮಾಡಿ

ಕಿವಿ, ಹೊಟ್ಟೆ, ತೊಡೆಯ ಒಳಭಾಗ ನೇರಳೆ ಬಣ್ಣಕ್ಕೆ ತಿರುಗಿವೆ. ಎಲ್ಲ ವಯಸ್ಸಿನ ಹಂದಿಗಳೂ ಒಂದರ ಹಿಂದೆ ಒಂದು ಸಾಯುತ್ತಿವೆ. ಮೂಗಿನಿಂದಲೋ ಸಗಣಿಯಲ್ಲೋ ರಕ್ತ ಬರುತ್ತಿದೆ. ವಾರದೊಳಗೆ ಎರಡು ತಾಯಿ ಹಂದಿಗಳು ಕಂದು ಹಾಕಿವೆ. ಕುದುರೆಯ ಹಿಂಗಾಲು ಎಳೆಯುತ್ತಿದೆ, ಅಥವಾ ಮೂಗಿನೊಳಗೆ ಹುಣ್ಣು ಕಾಣುತ್ತಿದೆ.

ಇವುಗಳಲ್ಲಿ ಒಂದಿದ್ದರೂ ಹತ್ತಿರದ ಪಶು ವೈದ್ಯಾಲಯಕ್ಕೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಸತ್ತ ಪ್ರಾಣಿಯನ್ನು ಕೊಯ್ದು ನೋಡಬೇಡಿ, ಮಾಂಸ ಹಂಚಬೇಡಿ. ವೈದ್ಯರು ಬರುವವರೆಗೆ ಒಂದು ಪ್ರಾಣಿಯೂ ಗೂಡಿನಿಂದ ಹೊರಗೆ ಹೋಗಬಾರದು.

ಕೈಯಲ್ಲಿ ಏನಿರಬೇಕು

ಔಷಧಿ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್, ಒಂದು ಅಳತೆ ಪಟ್ಟಿ, ಒಂದು ನೋಟ್‌ಬುಕ್, ಕೈಗವಸು. ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ಜ್ವರ ನೋಡಬೇಕು. ಕಿವಿ ಮುಟ್ಟಿ ಹೇಳುವ ಜ್ವರವನ್ನು ನಂಬಲಾಗದು. ಹಂದಿಗೆ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 104 ದಾಟಿದರೆ ಜ್ವರವೆಂದೇ ತಿಳಿಯಿರಿ. ಕುದುರೆಗೆ 99ರಿಂದ 101.5 ಸಹಜ. ಬಿಸಿಲಲ್ಲಿ ಓಡಾಡಿದ ಮೇಲೆ ಅಲ್ಲ, ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಪ್ರಾಣಿ ಸುಮ್ಮನಿದ್ದಾಗ ಅಳೆಯಿರಿ.

ನೋಟ್‌ಬುಕ್ ಥರ್ಮಾಮೀಟರಿಗಿಂತಲೂ ಮುಖ್ಯ. ಗಂಡು ಹಂದಿ ಹಾರಿದ ದಿನ ಬರೆದಿಡದಿದ್ದರೆ ಕಂದು ಎಷ್ಟನೆಯ ದಿನಕ್ಕೆ ಬಿತ್ತು ಎಂದು ಯಾರೂ ಹೇಳಲಾರರು. ಹಂದಿಯ ಗಬ್ಬ ಸುಮಾರು 114 ದಿನ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನ. ಈ ಲೆಕ್ಕದಲ್ಲೇ ಅರ್ಧ ಉತ್ತರ ಇರುತ್ತದೆ.

ಲಕ್ಷಣ: ಒಂದೆರಡು ಹಂದಿ ಕೆಮ್ಮುತ್ತಿವೆ, ಜ್ವರವಿಲ್ಲ, ಮೇವು ತಿನ್ನುತ್ತಿವೆ

ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು. ಗೂಡಿನೊಳಗೆ ಹೋಗಿ ಹಂದಿಯ ಮೂಗಿನ ಎತ್ತರಕ್ಕೆ ಕುಳಿತುಕೊಳ್ಳಿ. ಒಂದೆರಡು ನಿಮಿಷದಲ್ಲಿ ನಿಮ್ಮ ಕಣ್ಣು ಉರಿದರೆ ಕೆಮ್ಮಿಗೆ ಕಾರಣ ಅಲ್ಲೇ ಇದೆ. ಜೂನ್ ಬಂದರೆ ಎರಚಲು ತಡೆಯಲು ನಾಲ್ಕೂ ಕಡೆ ಟಾರ್ಪಾಲು ಬಿಗಿಯುತ್ತೇವೆ. ಮೂತ್ರದಿಂದ ಏಳುವ ಅಮೋನಿಯಾ ಒಳಗೇ ಉಳಿದು ಶ್ವಾಸನಾಳ ಸುಡುತ್ತದೆ. ಸುಟ್ಟ ಶ್ವಾಸನಾಳಕ್ಕೆ ವೈರಸ್ ಸುಲಭವಾಗಿ ಇಳಿಯುತ್ತದೆ. ಟಾರ್ಪಾಲಿನ ಕೆಳಭಾಗ ಹಾಗೆಯೇ ಇರಲಿ, ಮಾಡಿನ ಕೆಳಗೆ ಒಂದು ಗೇಣಿನಷ್ಟು ಜಾಗ ಬಿಡಿ. ಹಾಸಿದ ದರಕು, ಅಂದರೆ ತರಗೆಲೆ, ನೆನೆದಿದ್ದರೆ ತೆಗೆದು ಒಣಗಿದ್ದನ್ನು ಹಾಕಿ.

ಆಮೇಲೆ ಹುಳು. ಎರಡರಿಂದ ನಾಲ್ಕು ತಿಂಗಳ ಮರಿಗಳಲ್ಲಿ ಜಂತುಹುಳುವಿನ ಮರಿಗಳು ಯಕೃತ್ತಿನಿಂದ ಶ್ವಾಸಕೋಶದ ಮೂಲಕ ಹಾದು ಹೋಗುವಾಗ ಒಣ ಕೆಮ್ಮು ಬರುತ್ತದೆ. ಜಂತುಹುಳುವಿನ ಔಷಧಿ ಯಾವಾಗ ಕೊಟ್ಟಿರಿ ಎಂದು ನೋಟ್‌ಬುಕ್ ನೋಡಿ. ಗಾಳಿ ಸರಿಪಡಿಸಿ, ಹುಳುವಿಗೆ ಔಷಧಿ ಕೊಟ್ಟ ಮೇಲೂ ಕೆಮ್ಮು ಇಳಿಯದಿದ್ದರೆ, ಅಥವಾ ಪಕ್ಕದ ಹಂದಿಗೂ ಹತ್ತಿದರೆ, ವೈದ್ಯರನ್ನು ಕರೆಯಿರಿ.

ಲಕ್ಷಣ: ನಿನ್ನೆ ಚೆನ್ನಾಗಿದ್ದವು, ಇಂದು ಇಡೀ ಗೂಡೇ ಕೆಮ್ಮುತ್ತಿದೆ

ನಾಯಿ ಬೊಗಳಿದಂತಹ ಗಡಸು ಕೆಮ್ಮು, 105ರ ಸುಮಾರಿನ ಜ್ವರ, ಒಂದರ ಮೇಲೊಂದು ಬಿದ್ದುಕೊಂಡು ಏಳದ ಹಂದಿಗಳು. ಎರಡು ಮೂರು ದಿನದಲ್ಲಿ ಎಲ್ಲಕ್ಕೂ ಹಬ್ಬಿ, ಒಂದು ವಾರದಲ್ಲಿ ಹೆಚ್ಚಿನವು ಎದ್ದು ಮೇವಿಗೆ ಬಂದರೆ ಅದು ಬಹುಮಟ್ಟಿಗೆ ಇನ್‌ಫ್ಲುಯೆಂಜಾ. ಸಾವು ಕಡಿಮೆ. ಆದರೆ ಜ್ವರದ ತಾಪಕ್ಕೆ ಗಬ್ಬದ ಹಂದಿ ಕಂದು ಹಾಕಬಹುದು.

ಮನೆಯಲ್ಲಿ ಯಾರಿಗಾದರೂ ಆ ವಾರ ಶೀತಜ್ವರ ಇತ್ತೇ? ಈ ವೈರಸ್ ಮನುಷ್ಯರಿಂದ ಹಂದಿಗೂ ಹಂದಿಯಿಂದ ಮನುಷ್ಯರಿಗೂ ದಾಟಬಲ್ಲದು. ಜ್ವರ ಇದ್ದವರು ಗೂಡಿಗೆ ಹೋಗಬಾರದು, ಉಳಿದವರು ಮೂಗು ಬಾಯಿ ಮುಚ್ಚಿಕೊಂಡು ಹೋಗಬೇಕು. ಶುದ್ಧ ನೀರು, ಒಣ ಹಾಸು, ಗಾಳಿ: ಚಿಕಿತ್ಸೆಯ ಬಹುಪಾಲು ಇಷ್ಟೇ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಮೇಲೆ ಬೀಳುವ ಬ್ಯಾಕ್ಟೀರಿಯಾ ತಡೆಯಲು ಅದು ಬೇಕೇ ಎಂದು ವೈದ್ಯರು ನಿರ್ಧರಿಸಲಿ. ವಾರ ಕಳೆದರೂ ಕೆಮ್ಮು ಇಳಿಯದೆ, ಹಂದಿಗಳು ಸೊರಗುತ್ತಾ ಹೋದರೆ ಅದು ಬರೀ ಇನ್‌ಫ್ಲುಯೆಂಜಾ ಅಲ್ಲ.

ಲಕ್ಷಣ: ಹಾಲು ಕುಡಿಯುವ ಮರಿಗಳು ಪಕ್ಕೆ ಹೊಡೆದುಕೊಂಡು ಉಸಿರಾಡುತ್ತಿವೆ

ಮೊದಲು ಬಣ್ಣ ನೋಡಿ. ಮರಿಗಳು ಬಿಳಿಚಿಕೊಂಡಿವೆ, ಎರಡು ಮೂರು ವಾರದವು, ಸಿಮೆಂಟು ನೆಲದಲ್ಲಿ ಹುಟ್ಟಿದವು, ಜ್ವರವಿಲ್ಲ ಎಂದಾದರೆ ಕಬ್ಬಿಣದ ಕೊರತೆ. ಮಣ್ಣು ಕೆದಕಲು ಸಿಗದ ಮರಿಗೆ ತಾಯಿಯ ಹಾಲಿನಲ್ಲಿರುವ ಕಬ್ಬಿಣ ಸಾಲದು. ಹುಟ್ಟಿದ ಮೂರನೆಯ ದಿನದ ಸುಮಾರಿಗೆ ಕೊಡುವ ಕಬ್ಬಿಣದ ಚುಚ್ಚುಮದ್ದು ಇದನ್ನು ತಡೆಯುತ್ತದೆ.

ಮರಿಗಳಿಗೆ ಜ್ವರ ಇದೆ, ಕಣ್ಣಿನ ರೆಪ್ಪೆ ಊದಿದೆ, ಮೊಲೆ ಹಿಡಿಯಲೂ ತ್ರಾಣವಿಲ್ಲ, ತಾಯಿ ಕೂಡ ಈಚೆಗೆ ಮೇವು ಬಿಟ್ಟಿತ್ತು ಎಂದಾದರೆ ಚಿತ್ರ ಬೇರೆ. ಹಂದಿಯ ಗರ್ಭ, ಶ್ವಾಸಕೋಶ ಎರಡನ್ನೂ ಕೆಡಿಸುವ ಪಿಆರ್‌ಆರ್‌ಎಸ್ ಎಂಬ ವೈರಸ್ ರೋಗದ ಸಂದೇಹ ಬರಬೇಕು. ಕೆಳಗೆ ವಿವರವಾಗಿ ಬರೆದಿದ್ದೇನೆ.

ಲಕ್ಷಣ: ಗಬ್ಬ ನಿಲ್ಲುತ್ತಿಲ್ಲ, ಅಥವಾ ಮೂರು ನಾಲ್ಕೇ ಮರಿ

ಹಾರಿಸಿದ 21 ದಿನದ ಸುಮಾರಿಗೆ ಮತ್ತೆ ಬೆದೆಗೆ ಬಂದರೆ ಗಬ್ಬವೇ ಕಟ್ಟಿಲ್ಲ. ಗಂಡು ಹಂದಿಯನ್ನು ನೋಡಿ: ಕುಂಟುತ್ತಿದೆಯೇ, ಕಳೆದ ಒಂದೂವರೆ ಎರಡು ತಿಂಗಳಲ್ಲಿ ಜ್ವರ ಬಂದಿತ್ತೇ, ಬೀಜ ಊದಿದೆಯೇ? ಒಂದು ಜ್ವರ ವಾರಗಟ್ಟಲೆ ವೀರ್ಯ ಕೆಡಿಸಬಲ್ಲದು. ಹಾಗಲ್ಲದೆ 25 ದಿನ ದಾಟಿ ಹೊತ್ತಲ್ಲದ ಹೊತ್ತಿನಲ್ಲಿ ಬೆದೆ ಬಂದರೆ, ಕಟ್ಟಿದ ಗಬ್ಬ ಒಳಗೇ ಕರಗಿದೆ ಎಂದರ್ಥ.

ವೈರಸ್ಸಿನ ಕಡೆ ಕೈ ತೋರಿಸುವ ಮೊದಲು ಮೇವಿನ ಚೀಲ ಬಿಚ್ಚಿ. ಶಿಕಾರಿಪುರ, ಸೊರಬ ಕಡೆಯ ಮೆಕ್ಕೆಜೋಳ ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳ ವಿಷ ಹೆಣ್ಣು ಹಾರ್ಮೋನಿನ ಹಾಗೆ ವರ್ತಿಸುತ್ತದೆ. ಇನ್ನೂ ಬೆದೆಗೇ ಬಾರದ ಎಳೆಯ ಹೆಣ್ಣು ಮರಿಗಳ ಯೋನಿ ಊದಿ ಕೆಂಪಾಗಿದ್ದರೆ ಅದೇ ಗುರುತು. ಮುಗ್ಗಲು ವಾಸನೆಯ ಜೋಳವನ್ನು ಒಳ್ಳೆಯದರ ಜೊತೆ ಬೆರೆಸಿ ಮುಗಿಸೋಣ ಎನ್ನಬೇಡಿ, ನಿಲ್ಲಿಸಿಬಿಡಿ.

ಲಕ್ಷಣ: ದಿನ ತುಂಬಿ ಹಾಕಿದೆ, ಆದರೆ ಒಣಗಿ ಕಪ್ಪಾದ ಮರಿಗಳಿವೆ, ತಾಯಿಗೆ ಏನೂ ಆಗಿಲ್ಲ

ಇಲ್ಲಿ ಅಳತೆ ಪಟ್ಟಿ ಬೇಕು. ಕೈಗವಸು ಹಾಕಿ, ಒಣಗಿದ ಮರಿಗಳನ್ನು ಹಳೆಯ ಗೋಣಿಯ ಮೇಲೆ ಸಾಲಾಗಿ ಇಡಿ. ನೆತ್ತಿಯಿಂದ ಬಾಲದ ಬುಡದವರೆಗೆ ಅಳೆಯಿರಿ, ಪಕ್ಕದಲ್ಲಿ ಪಟ್ಟಿ ಇಟ್ಟು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಗಬ್ಬದ 35ನೇ ದಿನದ ಮರಿ ನಾಲ್ಕೈದು ಸೆಂಟಿಮೀಟರ್, 70ನೇ ದಿನದ್ದು ಸುಮಾರು 16, ನೂರನೆಯ ದಿನದ್ದು ಸುಮಾರು 25 ಸೆಂಟಿಮೀಟರ್ ಇರುತ್ತದೆ. ಮರಿ ಯಾವಾಗ ಸತ್ತಿತೋ ಅಲ್ಲಿಗೆ ಅದರ ಅಳತೆ ನಿಂತಿರುತ್ತದೆ.

ಒಂದೇ ಸೂಲಿನಲ್ಲಿ ಬೆರಳುದ್ದದ್ದು, ಗೇಣುದ್ದದ್ದು, ಪೂರ್ತಿ ಬೆಳೆದು ಸತ್ತದ್ದು, ನಡುವೆ ಒಂದೆರಡು ಜೀವಂತ ಮರಿ, ಹೀಗೆ ಎಲ್ಲ ಅಳತೆಯವೂ ಇದ್ದರೆ ಸೋಂಕು ಗರ್ಭದೊಳಗೆ ಒಂದು ಮರಿಯಿಂದ ಪಕ್ಕದ್ದಕ್ಕೆ ನಿಧಾನವಾಗಿ ದಾಟಿದೆ. ಚೊಚ್ಚಲ ಹಂದಿಗಳಲ್ಲೇ ಹೆಚ್ಚು, ಹಳೆಯ ತಾಯಿಗಳಿಗೆ ತೊಂದರೆಯಿಲ್ಲ, ಯಾವುದಕ್ಕೂ ಜ್ವರವಿಲ್ಲ ಎಂದಾದರೆ ಹಂದಿಯ ಪಾರ್ವೊವೈರಸ್ ಮೊದಲ ಸಂದೇಹ. 35 ದಿನದೊಳಗೆ ಸತ್ತವು ಮೂಳೆ ಕೂಡದ ಕಾರಣ ಕರಗಿಹೋಗುತ್ತವೆ, ಮರಿ ಸಂಖ್ಯೆ ಕಡಿಮೆಯಾಗುವುದು ಹಾಗೆ. ಸುಮಾರು 70 ದಿನದ ನಂತರ ಮರಿಯೇ ಸೋಂಕನ್ನು ಎದುರಿಸಬಲ್ಲದು, ಆದ್ದರಿಂದ ಆಮೇಲೆ ತಗುಲಿದವು ಹೆಚ್ಚಾಗಿ ಉಳಿದುಕೊಳ್ಳುತ್ತವೆ. ಈ ವೈರಸ್ ಬಹಳ ಗಟ್ಟಿ, ಗೂಡಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಮ್ಮೆ ಸೋಂಕು ಗೆದ್ದ ಹಂದಿಗೆ ದೀರ್ಘಕಾಲದ ಪ್ರತಿರೋಧ ಬರುತ್ತದೆ. ಅಂಥ ತಾಯಿಯನ್ನು ಕಟುಕರಿಗೆ ಕೊಡುವ ಅವಸರ ಬೇಡ, ಮುಂದಿನ ಸೂಲು ಚೆನ್ನಾಗಿಯೇ ಆಗಬಹುದು.

ಇದೇ ಚಿತ್ರ ಮಳೆಗಾಲದಲ್ಲೂ ಅದರ ಬೆನ್ನಿಗೂ, ಗದ್ದೆಯ ಪಕ್ಕದ ಗೂಡಿನಲ್ಲಿ ಕಂಡರೆ ಇನ್ನೊಂದು ಸಂದೇಹವೂ ಬರಬೇಕು: ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಮಿದುಳು ಜ್ವರ. ನೀರು ನಿಂತ ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಬೆಳ್ಳಕ್ಕಿಯಂತಹ ನೀರುಹಕ್ಕಿಗಳಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ಇದನ್ನು ತಲುಪಿಸುತ್ತದೆ. ಹಂದಿಯ ದೇಹದಲ್ಲಿ ವೈರಸ್ ಹೇರಳವಾಗಿ ಹೆಚ್ಚುತ್ತದೆ, ಆದರೆ ದೊಡ್ಡ ಹಂದಿಗೆ ಕಾಯಿಲೆ ಎದ್ದು ಕಾಣುವುದಿಲ್ಲ. ಸತ್ತ ಮರಿಯ ತಲೆಯಲ್ಲಿ ನೀರು ತುಂಬಿರುವುದು, ಗಂಡು ಹಂದಿಯ ಬೀಜ ಊದುವುದು ಇದರ ಸುಳಿವುಗಳು. ಮಕ್ಕಳಿರುವ ಮನೆಯವರು ಇದನ್ನು ಹಗುರವಾಗಿ ಕಾಣಬಾರದು. ಗೂಡು ಮನೆಯಿಂದ ದೂರ ಇರಲಿ, ಸಂಜೆಯ ಮೊದಲು ಗೂಡಿಗೆ ಸೊಳ್ಳೆಪರದೆ ಇಳಿಬಿಡಿ. ಮಕ್ಕಳಿಗೆ ಲಸಿಕೆ ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಲಕ್ಷಣ: ದಿನ ತುಂಬುವ ಮೊದಲು ಕಂದು ಬಿದ್ದಿದೆ, ತಾಯಿಯೂ ಮೇವು ಬಿಟ್ಟಿದೆ

ನೂರನೆಯ ದಿನದ ಆಚೀಚೆ ಕಂದು, ಬಿದ್ದ ಮರಿಗಳು ಹೆಚ್ಚುಕಡಿಮೆ ಒಂದೇ ಅಳತೆಯವು, ಕೆಲವು ಆಗಷ್ಟೇ ಸತ್ತಂತಿವೆ, ಬದುಕಿದವು ನಿಲ್ಲಲಾರವು. ಅದೇ ಹೊತ್ತಿಗೆ ಬೆಳೆಯುವ ಮರಿಗಳಲ್ಲಿ ಕೆಮ್ಮು, ಏದುಸಿರು. ಒಂದು ಕಡೆ ಗರ್ಭ, ಇನ್ನೊಂದು ಕಡೆ ಶ್ವಾಸಕೋಶ ಎರಡೂ ಒಟ್ಟಿಗೆ ಕೆಟ್ಟಿದ್ದರೆ ಪಿಆರ್‌ಆರ್‌ಎಸ್ ಸಂದೇಹವನ್ನು ಮುಂದಿಡಬೇಕು. ಅಮೆರಿಕದಲ್ಲಿ 1987ರಲ್ಲಿ ಮೊದಲು ಗುರುತಿಸಿದ ಈ ರೋಗದ ವೈರಸ್ 1991ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಸಿಕ್ಕಿತು. ಭಾರತದಲ್ಲಿ ಅದು ದೊಡ್ಡದಾಗಿ ಕಾಣಿಸಿಕೊಂಡದ್ದು 2013ರಲ್ಲಿ, ಮಿಜೋರಾಮಿನಲ್ಲಿ. ಶ್ವಾಸಕೋಶವನ್ನು ಕಾಯಬೇಕಾದ ರಕ್ಷಕ ಕಣಗಳನ್ನೇ ಅದು ಹಾಳುಮಾಡುತ್ತದೆ. ಆದ್ದರಿಂದಲೇ ಅದುವರೆಗೆ ಸುಮ್ಮನಿದ್ದ ಬ್ಯಾಕ್ಟೀರಿಯಾಗಳೆಲ್ಲ ಆಮೇಲೆ ಮೇಲೆದ್ದು ನ್ಯುಮೋನಿಯಾ ತರುತ್ತವೆ. ನೀಲಿ ಕಿವಿ ರೋಗ ಎಂಬ ಹೆಸರಿದ್ದರೂ ಕಿವಿ ನೀಲಿಯಾಗುವುದು ಕೆಲವೇ ಹಂದಿಗಳಲ್ಲಿ, ಹಾಗಾಗಿ ಕಿವಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಈ ವೈರಸ್ ಬಿಸಿಲಿಗೆ, ಒಣ ಹವೆಗೆ ಬೇಗ ಸಾಯುತ್ತದೆ, ತಂಪು ತೇವದಲ್ಲಿ ಹೆಚ್ಚು ಕಾಲ ಬಾಳುತ್ತದೆ. ಆಗುಂಬೆ, ಹೊಸನಗರದ ಆಷಾಢದ ಗೂಡು ಅದಕ್ಕೆ ಎಷ್ಟು ಅನುಕೂಲ ಎಂದು ಬೇರೆ ಹೇಳಬೇಕಾಗಿಲ್ಲ. ವಾಸಿಯಾದಂತೆ ಕಾಣುವ ಹಂದಿಯೂ ತಿಂಗಳುಗಟ್ಟಲೆ ಸೋಂಕು ಹೊತ್ತಿರಬಹುದು. ಗಂಡು ಹಂದಿಯ ವೀರ್ಯದಲ್ಲೂ ವೈರಸ್ ಹೋಗುತ್ತದೆ. ಊರಿನಿಂದ ಊರಿಗೆ ಗಂಡು ಹಂದಿಯನ್ನು ಎರವಲು ಒಯ್ಯುವ ನಮ್ಮ ರೂಢಿಯಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಇದೇ. ಕಂದು ಬಿದ್ದ ಗೂಡಿಗೆ ಬಂದುಹೋದ ಗಂಡು ಹಂದಿ ಆಮೇಲೆ ಎಲ್ಲೆಲ್ಲಿಗೆ ಹೋಯಿತು ಎಂದು ಮುಚ್ಚಿಡದೆ ಹೇಳಿ. ಹಂದಿಯ ಮಾಲೀಕರ ಮೇಲೆ ದೂರು ಹೊರಿಸಿದಂತಾಗುತ್ತದೆ ಎಂಬ ಸಂಕೋಚಕ್ಕೆ ಇನ್ನೂ ನಾಲ್ಕು ಮನೆಗಳು ಮರಿ ಕಳೆದುಕೊಳ್ಳಬಾರದು.

ಇದೇ ಅವಧಿಯ ಕಂದಿಗೆ ವೈರಸ್ ಅಲ್ಲದ ಕಾರಣವೂ ಇದೆ: ಇಲಿ ಜ್ವರದ ಲೆಪ್ಟೋಸ್ಪೈರಾ. ತಾಯಿಗೆ ಅಷ್ಟೇನೂ ಕಾಯಿಲೆ ಕಾಣದೆ ಕೊನೆಯ ತಿಂಗಳಲ್ಲಿ ಕಂದು ಬೀಳುತ್ತದೆ. ಗೂಡಿನ ಸುತ್ತ ಇಲಿ, ಕೆಸರು ನೀರು ಇದ್ದೇ ಇರುತ್ತದೆ. ಇದು ಬ್ಯಾಕ್ಟೀರಿಯಾ, ಇದಕ್ಕೆ ಔಷಧಿ ಇದೆ. ಪರೀಕ್ಷೆ ಮಾಡಿಸುವ ಖರ್ಚು ಇದೊಂದೇ ಕಾರಣಕ್ಕೂ ಸಾರ್ಥಕ. ಬರಿಗಾಲಲ್ಲಿ ಗೂಡು ತೊಳೆಯುವ ಮನುಷ್ಯರಿಗೂ ಅದು ತಗುಲುತ್ತದೆ.

ಲಕ್ಷಣ: ನೇರಳೆ ಚರ್ಮ, ತೂರಾಡುವ ಹಿಂಗಾಲು, ಸಾವು

ಕ್ಲಾಸಿಕಲ್ ಸ್ವೈನ್ ಫೀವರ್ ಎಂದು ವೈದ್ಯರು ಕರೆಯುವ ಹಂದಿ ಜ್ವರ ಒಂದು, ಆಫ್ರಿಕನ್ ಹಂದಿ ಜ್ವರ ಇನ್ನೊಂದು. ಕಣ್ಣಿಂದ ನೋಡಿ ಇವೆರಡನ್ನು ಬೇರ್ಪಡಿಸಲು ವೈದ್ಯರಿಗೂ ಆಗದು. ಮೊದಲನೆಯದಕ್ಕೆ ಲಸಿಕೆ ಇದೆ, ಹಾಕಿಸಿದ್ದೀರಾ ಎಂಬುದೇ ಮೊದಲ ಪ್ರಶ್ನೆ. ಅದು ಗಬ್ಬದ ಹಂದಿಗೆ ತಗುಲಿದರೆ ಕಂದು ಬೀಳಬಹುದು, ನಡುಗುವ ಮರಿಗಳು ಹುಟ್ಟಬಹುದು. ಎರಡನೆಯದಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿದ್ದು 2022ರಲ್ಲಿ ವಯನಾಡಿಗೆ ಬಂತು. ಘಟ್ಟದ ಸಾಲು ಒಂದೇ, ಕಾಡುಹಂದಿಗೆ ಗಡಿ ತಿಳಿಯದು. ಆದರೆ ದೂರದ ಊರಿಗೆ ಅದನ್ನು ಒಯ್ಯುವುದು ಮನುಷ್ಯರೇ: ಲಾರಿ, ಮಾಂಸ, ಹೋಟೆಲ್ ಮುಸುರೆ. ಹಂದಿ ಮಾಂಸದ ಚೂರಿರುವ ಮುಸುರೆ ಬೇಡವೇ ಬೇಡ. ಬೇರೆ ಮುಸುರೆಯನ್ನೂ ಅರ್ಧ ಗಂಟೆಯಾದರೂ ಕುದಿಸಿ ಕೊಡಿ.

ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದನ್ನು ನಮ್ಮ ಜನ ಕಲಿತಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದ ಮೇಲೆ ಬಂದ ಎಚ್ಚರ ಅದು. ಸತ್ತ ಕಾಡುಹಂದಿಯ ವಿಷಯದಲ್ಲೂ ಹಾಗೆಯೇ ಮಾಡಿ. ಅರಣ್ಯ ಇಲಾಖೆಗೆ ಹೇಳಿ, ಮುಟ್ಟಬೇಡಿ, ನಾಯಿಯನ್ನು ಬಿಡಬೇಡಿ. ಈ ಎರಡು ಹಂದಿ ಜ್ವರಗಳೂ ಮನುಷ್ಯರಿಗೆ ತಗುಲುವುದಿಲ್ಲ. ನಮ್ಮ ಚಪ್ಪಲಿ, ಕತ್ತಿ, ವಾಹನದ ಚಕ್ರ ಮಾತ್ರ ಅವನ್ನು ಹೊತ್ತು ತಿರುಗುತ್ತವೆ.

ಕುದುರೆಯಲ್ಲಿ

ನಮ್ಮ ಕಡೆ ಕುದುರೆ ಕಡಿಮೆ, ಆದರೆ ಇರುವವು ಜಾತ್ರೆ, ಮೆರವಣಿಗೆ ಎಂದು ಊರೂರು ಸುತ್ತುತ್ತವೆ. ಜ್ವರವಿಲ್ಲದ ಕೆಮ್ಮು ಒಂದೇ ಕುದುರೆಗೆ ಇದ್ದರೆ ಹುಲ್ಲಿನ ಬೂಷ್ಟು, ಧೂಳು ನೋಡಿ. ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಟ್ಟು ಗಮನಿಸಿ. ಜ್ವರ, ಒಣ ಕೆಮ್ಮು, ಮೂಗಿನ ನೀರು ಒಂದೆರಡು ದಿನದಲ್ಲಿ ಲಾಯದ ಎಲ್ಲ ಕುದುರೆಗಳಿಗೂ ಬಂದರೆ ಕುದುರೆ ಇನ್‌ಫ್ಲುಯೆಂಜಾ. 2008ರಲ್ಲಿ ಜಮ್ಮುವಿನ ಕಟ್ರಾ ಕಡೆ ಶುರುವಾದ ಅಲೆ ಹಲವು ರಾಜ್ಯಗಳಿಗೆ ಹಬ್ಬಿತ್ತು. ಜ್ವರ ಬಂದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ ಎಂಬ ಲೆಕ್ಕವನ್ನು ಮುರಿಯಬೇಡಿ. ಮುಹೂರ್ತ ಎಷ್ಟೇ ಇರಲಿ, ಕೆಮ್ಮುವ ಕುದುರೆಯನ್ನು ಮೆರವಣಿಗೆಗೆ ಒಯ್ದರೆ ಅದರ ಶ್ವಾಸಕೋಶ ಶಾಶ್ವತವಾಗಿ ಕೆಡಬಹುದು.

ಹನ್ನೊಂದು ತಿಂಗಳ ಗಬ್ಬದ ಕೊನೆಯ ಭಾಗದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಕಂದು ಬಿದ್ದು ತಾಯಿ ಚೆನ್ನಾಗಿಯೇ ಇದ್ದರೆ ಕುದುರೆಯ ಹರ್ಪಿಸ್ ವೈರಸ್ ನೆನಪಿರಲಿ. ಅದೇ ವೈರಸ್ ಕೆಲವೊಮ್ಮೆ ಹಿಂಗಾಲಿನ ಬಲ ತೆಗೆಯುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಕಾಲು, ಕಣ್ಣಿನ ರೆಪ್ಪೆ, ಗಂಡು ಕುದುರೆಯ ಬೀಜದ ಚೀಲ ಊದಿ ಜ್ವರ ಬಂದರೆ ವೈರಲ್ ಆರ್ಟರೈಟಿಸ್ ಪರೀಕ್ಷೆ ಕೇಳಿ. ಅದು ಹಂದಿಯ ಪಿಆರ್‌ಆರ್‌ಎಸ್ ವೈರಸ್ಸಿನ ಕುಲದ್ದೇ, ರಕ್ತನಾಳಗಳನ್ನು ಕೆಡಿಸುತ್ತದೆ. ಗಂಡು ಕುದುರೆಯ ವೀರ್ಯದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಮೂಗಿನಲ್ಲಿ ಅಂಟು ಸಿಂಬಳ, ಹುಣ್ಣು, ಚರ್ಮದಲ್ಲಿ ಗಂಟು ಇದ್ದರೆ ಮುಟ್ಟಲೇಬೇಡಿ: ಅದು ಗ್ಲಾಂಡರ್ಸ್ ಆಗಿರಬಹುದು, ಬ್ಯಾಕ್ಟೀರಿಯಾದ್ದು, ಮನುಷ್ಯರ ಜೀವ ತೆಗೆಯಬಲ್ಲದು.

ವೈದ್ಯರಿಗೆ ಏನು ಹೇಳಬೇಕು

"ಹಂದಿಗೆ ಹುಷಾರಿಲ್ಲ" ಎಂದರೆ ಅವರಿಗೆ ಏನೂ ತಿಳಿಯದು. ಹೀಗೆ ಹೇಳಿ: "ಡಾಕ್ಟರೇ, ಐದು ತಾಯಿ ಹಂದಿಗಳಲ್ಲಿ ಎರಡು ಕಂದು ಹಾಕಿವೆ. ಒಂದಕ್ಕೆ 98 ದಿನ, ಇನ್ನೊಂದಕ್ಕೆ 104. ಎರಡಕ್ಕೂ 105 ಡಿಗ್ರಿ ಜ್ವರ ಇದೆ. ತಿಂಗಳ ಹಿಂದೆ ಹೊರಗಿನ ಗಂಡು ಹಂದಿ ಬಂದಿತ್ತು. ಹಂದಿ ಜ್ವರದ ಲಸಿಕೆ ಹಾಕಿಸಿಲ್ಲ." ಇಷ್ಟು ಕೇಳಿದ ವೈದ್ಯರು ಯಾವ ಮಾದರಿ ಬೇಕು ಎಂದು ಅಲ್ಲಿಯೇ ನಿರ್ಧರಿಸಬಲ್ಲರು. ಅವರು ಹೇಳಿದರೆ ಮಾತ್ರ ಕಂದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ತುಂಬಿದ ಡಬ್ಬದಲ್ಲಿಡಿ. ಮನೆಯ ಫ್ರಿಜ್ಜಿನಲ್ಲಿ ಇಡಬೇಡಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ ಇಂಥ ಕೆಲಸಕ್ಕೆಂದೇ ಇವೆ, ದಾರಿ ತೋರಿಸುವುದು ಸ್ಥಳೀಯ ವೈದ್ಯರು. ಕೆಲವು ರೋಗಗಳ ಸಂದೇಹ ಬಂದರೆ ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯಿದೆಯ ಪ್ರಕಾರ ಸಾಕುವವರ ಕರ್ತವ್ಯವೂ ಹೌದು.

ಬಸುರಿಯರು, ಮಕ್ಕಳು ಕಂದು, ಮಾಸು ಮುಟ್ಟಬಾರದು. ಗೂಡಿಗೆ ಇಳಿಯುವವರು ಗಮ್‌ಬೂಟು ಹಾಕಲಿ. ಗೂಡು ಮುಟ್ಟಿದ ಮೇಲಿನ ವಾರಗಳಲ್ಲಿ ಮನೆಯವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ "ನಾವು ಹಂದಿ ಸಾಕುತ್ತೇವೆ" ಎಂದು ಆಸ್ಪತ್ರೆಯಲ್ಲಿ ಮೊದಲು ಹೇಳಿ. ಹೂಳುವುದಾದರೆ ಬಾವಿ, ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ಆರಡಿ ಆಳಕ್ಕೆ, ಸುಣ್ಣ ಹಾಕಿ. ಮಳೆಗಾಲದಲ್ಲಿ ಗುಂಡಿಯಲ್ಲಿ ಜಲ ಬಂದರೆ ಆ ಜಾಗ ಬಿಡಿ. ಗೂಡನ್ನು ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ. ಸಗಣಿಯ ಮೇಲೆ ಸುರಿದ ಬ್ಲೀಚಿಂಗ್ ಪೌಡರ್ ವ್ಯರ್ಥ. ಅದರ ಜೊತೆ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಮತ್ತೆ ಹಂದಿ ತರುವಾಗ

ಹೊಸ ಹಂದಿಗೆ ಕನಿಷ್ಠ ಮೂವತ್ತು ದಿನ ಬೇರೆ ಗೂಡು, ಬೇರೆ ಬಕೆಟ್ಟು, ಬೇರೆ ಚಪ್ಪಲಿ. ಹಳೆಯ ಹಂದಿಗಳ ಕೆಲಸ ಮುಗಿಸಿಯೇ ಅದರ ಬಳಿ ಹೋಗಬೇಕು, ಮೊದಲು ಅಲ್ಲ. ಆ ಮೂವತ್ತು ದಿನವೂ ಜ್ವರ ನೋಡಿ ಬರೆದಿಡಿ. ಗಂಡು ಹಂದಿಯಾದರೆ ಹಾರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಡಿ ಎಂದು ವೈದ್ಯರನ್ನು ಕೇಳಿ.